ಹಗಲು ಕನ್ನಡ ಓದು, ರಾತ್ರಿ ಆಟ: ಎರಡಕ್ಕೂ ಒಗ್ಗುವ ಮಾನಿಟರ್ ಯಾವುದು?

ಕರಡುಕಣ್ಣು
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮನೆಯಿಂದಲೇ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಹಗಲೆಲ್ಲ ಕನ್ನಡ ಪಿಡಿಎಫ್‌ಗಳು, ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಆಟ. ಈಗ ಇರುವುದು 27 ಇಂಚಿನ, 1920×1080 ಪಿಕ್ಸೆಲ್‌ಗಳ, 75 ಹರ್ಟ್ಸ್ (ಅಂದರೆ ಸೆಕೆಂಡಿಗೆ 75 ಸಲ ಚಿತ್ರ ಬದಲಿಸುವ) ಮಾನಿಟರ್. ಆಟಕ್ಕೆ ಹೇಗೋ ಸಾಗುತ್ತದೆ. ಓದಿಗೆ ಮಾತ್ರ ಸಾಕಾಗಿಹೋಗಿದೆ. "ಅರ್ಧ" ಇದೆಯೋ "ಅರ್ಥ" ಇದೆಯೋ ಎಂದು ತಿಳಿಯಲು ಪುಟವನ್ನು ಪ್ರತಿ ಸಲ ಹಿಗ್ಗಿಸಬೇಕು. ಸಂಜೆಯ ಹೊತ್ತಿಗೆ ಹಣೆ ಹಿಡಿದುಕೊಂಡಿರುತ್ತದೆ. ಅದೇ ಪುಟ ಫೋನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060, 8 ಜಿಬಿ. ಬಜೆಟ್ 30 ಸಾವಿರ, ತೀರಾ ಅಗತ್ಯವಿದ್ದರೆ ಸ್ವಲ್ಪ ಹೆಚ್ಚು. ವಿಮರ್ಶೆಗಳನ್ನು ಓದಿದರೆ ಎಲ್ಲರೂ ಹರ್ಟ್ಸ್ ಮತ್ತು ಮಿಲಿಸೆಕೆಂಡುಗಳ ಬಗ್ಗೆಯೇ ಬರೆಯುತ್ತಾರೆ. ಕನ್ನಡದ ಒತ್ತಕ್ಷರ ಹೇಗೆ ಕಾಣುತ್ತದೆ ಎಂದು ಯಾರೂ ನೋಡುವುದಿಲ್ಲ. ನಿಮ್ಮಲ್ಲಿ ಎರಡೂ ಕೆಲಸ ಮಾಡುವವರು ಏನು ಬಳಸುತ್ತಿದ್ದೀರಿ?

ಹರ್ಟ್ಸ್‌ಪ್ರಿಯ
24 ಇಂಚು, 1080, 180 ಹರ್ಟ್ಸ್, ಐಪಿಎಸ್ ಬಗೆಯ ಎಲ್‌ಸಿಡಿ ಪರದೆ. ಅರ್ಧ ಬಜೆಟ್‌ನಲ್ಲಿ ಮುಗಿಯುತ್ತದೆ. 4060ಕ್ಕೆ ಹೇಳಿ ಮಾಡಿಸಿದ ಜೋಡಿ. 75ರಿಂದ 180ಕ್ಕೆ ಹೋದರೆ ಮೌಸ್ ಅಲುಗಾಡಿಸಿದ ಕ್ಷಣವೇ ವ್ಯತ್ಯಾಸ ಗೊತ್ತಾಗುತ್ತದೆ. ಪುಟ ಸರಿಸುವಾಗಲೂ ಅಕ್ಷರಗಳು ಓಡಿಹೋಗದೆ ನಿಲ್ಲುತ್ತವೆ, ಅದೂ ಓದಿನ ಹಿತವೇ.

ಚುಕ್ಕಿಗಣಿತ
ಪುಟ ಸರಿಯುವಾಗ ಯಾರೂ ಕರಡು ತಿದ್ದುವುದಿಲ್ಲ. ನಿಂತ ಪುಟವನ್ನು ತಿದ್ದುತ್ತಾರೆ. ನಿಂತ ಪುಟಕ್ಕೆ 60 ಹರ್ಟ್ಸ್ ಆದರೂ ಒಂದೇ, 240 ಆದರೂ ಒಂದೇ.

ಇಲ್ಲಿ ನೋಡಬೇಕಾದದ್ದು ಒಂದು ಇಂಚಿನೊಳಗೆ ಎಷ್ಟು ಪಿಕ್ಸೆಲ್ ಇವೆ ಎಂಬುದನ್ನು. 27 ಇಂಚಿನಲ್ಲಿ 1080 ಇದ್ದರೆ ಇಂಚಿಗೆ ಸುಮಾರು 82. 24 ಇಂಚಿನಲ್ಲಿ 1080 ಇದ್ದರೆ 92. 27 ಇಂಚಿನಲ್ಲಿ 2560×1440 ಇದ್ದರೆ 109. ಅದೇ 27ರಲ್ಲಿ 4ಕೆ, ಅಂದರೆ 3840×2160 ಇದ್ದರೆ 163. ಸಾಮಾನ್ಯ 15.6 ಇಂಚಿನ 1080 ಲ್ಯಾಪ್‌ಟಾಪಿನಲ್ಲೂ 141 ಇರುತ್ತದೆ. ಲ್ಯಾಪ್‌ಟಾಪಿನಿಂದ 27 ಇಂಚಿನ 1080ಕ್ಕೆ ಬಂದವರಿಗೆಲ್ಲ ಅಕ್ಷರ ಒರಟಾಗಿ ಕಾಣುವುದು ಇದಕ್ಕೇ.

ಕರಡುಕಣ್ಣು ಅವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುತ್ತೇನೆ. ಡೆಮಿ 1/8 ಪುಸ್ತಕದ ಪುಟ ಸುಮಾರು ಎಂಟೂವರೆ ಇಂಚು ಎತ್ತರ. ಅದನ್ನು ನಿಜವಾದ ಅಳತೆಯಲ್ಲೇ ತೆರೆದರೆ, ನಿಮ್ಮ ಈಗಿನ ಪರದೆಯಲ್ಲಿ ಪುಟದ ಎತ್ತರಕ್ಕೆ ಸಿಗುವುದು 700ಕ್ಕಿಂತ ಕಡಿಮೆ ಪಿಕ್ಸೆಲ್. 1440ರಲ್ಲಿ ಸುಮಾರು 925. 4ಕೆಯಲ್ಲಿ ಸುಮಾರು 1385. ಆ ಪುಟವನ್ನು 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದ್ದರೆ ಕಡತದಲ್ಲಿ 2550 ಇರುತ್ತದೆ. ಕಡತದಲ್ಲಿರುವ ವಿವರದ ಮುಕ್ಕಾಲು ಪಾಲಿಗೆ ನಿಮ್ಮ ಪರದೆಯಲ್ಲಿ ಜಾಗವೇ ಇಲ್ಲ.

ನೇರಮಾತು
ಲೆಕ್ಕ ಸರಿಯಿದೆ, ತೀರ್ಮಾನ ಅವಸರದ್ದು. ಹಣೆ ನೋವಿಗೆ ಪಿಕ್ಸೆಲ್ಲೇ ಕಾರಣ ಎಂದು ಹೇಗೆ ಹೇಳುತ್ತೀರಿ? ಇಪ್ಪತ್ತು ವರ್ಷ ಹಿಂದೆ ಡಿಟಿಪಿ ಅಂಗಡಿಗಳಲ್ಲಿ ದಪ್ಪ ಗಾಜಿನ ಮಾನಿಟರ್ ಮುಂದೆ ಕೂತು ಇಡೀ ಪುಸ್ತಕಗಳನ್ನು ತಿದ್ದಿದ ಜನ ನನಗೆ ಗೊತ್ತು. ಮೊದಲು ಕೋಣೆಯ ಬೆಳಕು, ಪರದೆಯ ಪ್ರಖರತೆ, ಕನ್ನಡಕ ಈ ಮೂರನ್ನು ಸರಿಪಡಿಸಿಕೊಳ್ಳಲಿ. 30 ಸಾವಿರ ಖರ್ಚು ಮಾಡಿದ ಮೇಲೂ ಹಣೆ ನೋಯುತ್ತಿದ್ದರೆ ಯಾರು ಹೊಣೆ?

ಚುಕ್ಕಿಗಣಿತ
ಆ ಡಿಟಿಪಿ ಜನ ಕರಡನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಪರದೆಯ ಮೇಲೆ ಅಲ್ಲ.

ನೇರಮಾತು
ಎಲ್ಲರೂ ಅಲ್ಲ. ಆದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು.

ದೃಷ್ಟಿಮಾಪಕಿ
ನಾನು ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನೇರಮಾತು ಅವರ ಪ್ರಶ್ನೆ ನ್ಯಾಯವಾದದ್ದು. ಕಂಪ್ಯೂಟರ್ ಮುಂದೆ ಕೂತವರ ದೂರುಗಳಲ್ಲಿ ದೊಡ್ಡ ಪಾಲು ಕಣ್ಣು ಒಣಗುವುದರಿಂದ ಬರುತ್ತದೆ. ಮಾತನಾಡುವಾಗ ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಬಡಿಯುವವರು ಪರದೆಯನ್ನು ದಿಟ್ಟಿಸುವಾಗ ಅದರ ಅರ್ಧವೂ ಬಡಿಯುವುದಿಲ್ಲ. ಮೇಲೆ ಫ್ಯಾನ್, ಎದುರಿಗೆ ಎಸಿ ಇದ್ದರೆ ಇನ್ನೂ ಕಷ್ಟ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ. ಕೆಳಗೆ ನೋಡುವಾಗ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚಿರುತ್ತದೆ, ತೇವ ಆರುವುದು ಕಡಿಮೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ.

ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಸುರಿಯಬೇಡಿ. 2023ರ ಕೊಕ್ರೇನ್ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಸಾಮಾನ್ಯ ಗಾಜಿಗೆ ಹೋಲಿಸಿದರೆ ಈ ಕನ್ನಡಕಗಳಿಂದ ಕಣ್ಣಿನ ದಣಿವು ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಂಭವವಿಲ್ಲ ಎಂಬಲ್ಲಿಗೆ ಬಂದಿತು.

ಆದರೆ ಚುಕ್ಕಿಗಣಿತ ಅವರ ಮಾತನ್ನೂ ತಳ್ಳಿಹಾಕುವುದಿಲ್ಲ. ಅಂಚು ಮಸುಕಾದ ಅಕ್ಷರವನ್ನು ಸ್ಪಷ್ಟಪಡಿಸಿಕೊಳ್ಳಲು ಓದುವವರು ತಮಗೇ ತಿಳಿಯದಂತೆ ಮುಂದಕ್ಕೆ ಬಾಗುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ. ಹಣೆ, ಕತ್ತು ಎರಡೂ ಹಿಡಿಯುತ್ತವೆ. ಕರಡುಕಣ್ಣು ಅವರೇ, ನಿಮ್ಮ ವಯಸ್ಸೆಷ್ಟು? ಪರದೆಯಿಂದ ಎಷ್ಟು ದೂರ ಕೂರುತ್ತೀರಿ?

ಕರಡುಕಣ್ಣು
ಮೇಡಂ, 38. ಸುಮಾರು 60 ಸೆಂಟಿಮೀಟರ್. ಕನ್ನಡಕದ ಪವರ್ ಈ ವರ್ಷವೇ ಪರೀಕ್ಷಿಸಿಕೊಂಡಿದ್ದೇನೆ, ಬದಲಾಗಿಲ್ಲ. ಬಾಗುವುದು ಮಾತ್ರ ನಿಜ, ಮನೆಯವರೂ ಅದನ್ನೇ ಹೇಳುತ್ತಾರೆ.

ಚುಕ್ಕಿಗಣಿತ
60 ಸೆಂಟಿಮೀಟರ್ ಎಂದರೆ ಲೆಕ್ಕ ಸುಲಭ. ಸಾಮಾನ್ಯ ಆರೋಗ್ಯವಂತ ಕಣ್ಣು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಆ ದೂರದಲ್ಲಿ ಅದು 0.17 ಮಿಲಿಮೀಟರ್. ನಿಮ್ಮ ಪರದೆಯ ಒಂದು ಪಿಕ್ಸೆಲ್ 0.31 ಮಿ.ಮೀ. 1440ರದು 0.23. 27 ಇಂಚಿನ 4ಕೆಯದು 0.155. ಕಣ್ಣಿಗೆ ಪಿಕ್ಸೆಲ್ ಕಾಣದಂತಾಗುವುದು ಈ ಮೂರರಲ್ಲಿ ಕೊನೆಯದರಲ್ಲಿ ಮಾತ್ರ. 1440 ಬೇಕಾದರೆ 80 ಸೆಂಟಿಮೀಟರ್ ದೂರಕ್ಕೆ ಸರಿಯಬೇಕು, ಆಗ ಅಕ್ಷರವೂ ಚಿಕ್ಕದಾಗುತ್ತದೆ.

ಹರ್ಟ್ಸ್‌ಪ್ರಿಯ
4060ರಲ್ಲಿ 4ಕೆ ಆಟವೇ? 1080ಕ್ಕಿಂತ ನಾಲ್ಕು ಪಟ್ಟು ಪಿಕ್ಸೆಲ್, 1440ಕ್ಕಿಂತ ಎರಡೂಕಾಲು ಪಟ್ಟು. 8 ಜಿಬಿ ಮೆಮೊರಿ ಹೊಸ ಆಟಗಳಿಗೆ 1440ರಲ್ಲೇ ಬಿಗಿಯಾಗುತ್ತಿದೆ. ದಯವಿಟ್ಟು ಆ ಕಾರ್ಡಿನ ಮೇಲೆ ಇಷ್ಟು ಭಾರ ಹೊರಿಸಬೇಡಿ.

ಲಿಪಿಗಾರ
ಫಾಂಟ್ ತಯಾರಿಕೆಯಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸಲೇಬೇಕು. ವಿಮರ್ಶಕರು "1440ರಲ್ಲಿ ಅಕ್ಷರ ಸಾಕಷ್ಟು ಸ್ಪಷ್ಟ" ಎನ್ನುವುದು ಇಂಗ್ಲಿಷ್ ಅಕ್ಷರ ನೋಡಿ. ಕನ್ನಡಕ್ಕೆ ಅದೇ ತೀರ್ಪು ಹೊಂದುವುದಿಲ್ಲ, ಕಾರಣವೂ ಸ್ಪಷ್ಟವಿದೆ.

ವಿಂಡೋಸ್‌ನ ಕ್ಲಿಯರ್‌ಟೈಪ್ ತಂತ್ರ ಪ್ರತಿ ಪಿಕ್ಸೆಲ್‌ನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸುತ್ತದೆ. ಆ ಪಟ್ಟಿಗಳು ಅಕ್ಕಪಕ್ಕ ನಿಂತಿರುತ್ತವೆ. ಹಾಗಾಗಿ ಹೆಚ್ಚುವರಿ ಸ್ಪಷ್ಟತೆ ಸಿಗುವುದು ಅಡ್ಡಕ್ಕೆ ಮಾತ್ರ, ಉದ್ದಕ್ಕೆ ಏನೂ ಸಿಗುವುದಿಲ್ಲ. ಇಂಗ್ಲಿಷಿನ ಎಲ್, ಐ, ಎಚ್ ಮುಂತಾದ ನೆಟ್ಟಗೆ ನಿಂತ ಕಡ್ಡಿಗಳಿಗೆ ಅದು ದೊಡ್ಡ ಲಾಭ. ಕನ್ನಡ ಬೆಳೆಯುವುದು ಮೇಲಕ್ಕೂ ಕೆಳಕ್ಕೂ. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಅದರ ಕೆಳಗೋ ಪಕ್ಕಕ್ಕೋ ಇನ್ನೊಂದು ಒತ್ತು. "ರಾಷ್ಟ್ರ", "ವೈಶಿಷ್ಟ್ಯ" ಬರೆದು ನೋಡಿ. ನಮಗೆ ಎಲ್ಲಿ ಪಿಕ್ಸೆಲ್ ಬೇಕೋ ಅಲ್ಲಿ ಕ್ಲಿಯರ್‌ಟೈಪ್ ಸಹಾಯಕ್ಕೆ ಬರುವುದಿಲ್ಲ. ಹಳೆಯ ಜಿಡಿಐ ಮಾದರಿಯ ತಂತ್ರಾಂಶಗಳಲ್ಲಿ ಮೇಲು-ಕೆಳಗಿನ ವಕ್ರರೇಖೆಗಳು ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತವೆ. ಡೈರೆಕ್ಟ್‌ರೈಟ್ ಬಳಸುವ ಹೊಸ ತಂತ್ರಾಂಶಗಳು ಆ ದಿಕ್ಕಿನಲ್ಲೂ ನಯಗೊಳಿಸುತ್ತವೆ, ಆದರೆ ಇಲ್ಲದ ಪಿಕ್ಸೆಲ್ಲನ್ನು ಅವೂ ತರಲಾರವು.

11 ಪಾಯಿಂಟ್ ಅಕ್ಷರಕ್ಕೆ ಕರಡುಕಣ್ಣು ಅವರ ಪರದೆಯಲ್ಲಿ ಸಿಗುವುದು 12-13 ಪಿಕ್ಸೆಲ್ ಸಾಲುಗಳು. ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತು ಎಲ್ಲವೂ ಹೆಚ್ಚುಕಡಿಮೆ ಅಷ್ಟರಲ್ಲೇ ಬದುಕಬೇಕು. 1440ರಲ್ಲಿ 16-17 ಸಾಲು. 27 ಇಂಚಿನ 4ಕೆಯಲ್ಲಿ 25. ದಕಾರದ ಅಡಿಯಲ್ಲಿ ಒಂದು ಸೀಳು ಬಂದರೆ ಧ, ಅದರ ಹೊಟ್ಟೆಯಲ್ಲಿ ಒಂದು ಚುಕ್ಕೆ ಬಂದರೆ ಥ. ರಕಾರದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಠ. ಈ ಸೀಳು, ಚುಕ್ಕೆಗಳಿಗೆ ಒಂದು ಪಿಕ್ಸೆಲ್ ಕೂಡ ಪೂರ್ತಿಯಾಗಿ ಸಿಗದಿದ್ದರೆ ಅವು ಬೂದು ಮಚ್ಚೆಗಳಾಗುತ್ತವೆ. ನೀವು "ಅರ್ಧ", "ಅರ್ಥ" ಎಂದು ಬರೆದದ್ದು ಸರಿಯಾದ ಉದಾಹರಣೆ.

ಕರಡುಕಣ್ಣು
ಇಷ್ಟು ವರ್ಷ ಇದನ್ನು ನನ್ನ ಕಣ್ಣಿನ ದೋಷ ಎಂದುಕೊಂಡಿದ್ದೆ. ಲಿಪಿಗಾರ ಅವರಿಗೆ ತುಂಬಾ ಧನ್ಯವಾದ.

ಸೇಬುತೋಟ
ಮ್ಯಾಕ್ ಬಳಸುವವರಿಗೆ ಇನ್ನೂ ಮುಖ್ಯ. 2018ರ ಮೊಹಾವಿ ಆವೃತ್ತಿಯಿಂದ ಆಪಲ್ ಕ್ಲಿಯರ್‌ಟೈಪ್‌ನಂಥ ತಂತ್ರವನ್ನು ಸಹಜ ಬಳಕೆಯಿಂದ ತೆಗೆದುಹಾಕಿತು. 1440 ಪರದೆಗೆ ಮ್ಯಾಕ್ ಜೋಡಿಸಿದರೆ ಕನ್ನಡ ದಪ್ಪಗೆ, ಮಸುಕಾಗಿ ಕಾಣುತ್ತದೆ.

ಹುಬ್ಬಳ್ಳಿಯವ
ಇಷ್ಟೆಲ್ಲ ಯಾಕೆ? 43 ಇಂಚಿನ 4ಕೆ ಟಿವಿ ಇದೇ ಬಜೆಟ್‌ನಲ್ಲಿ ಸಿಗುತ್ತದೆ. ದೊಡ್ಡ ಅಕ್ಷರ, ದೊಡ್ಡ ಆಟ. ನಮ್ಮ ಮನೆಯಲ್ಲಿ ಹಾಗೇ ನಡೆದಿದೆ.

ಚುಕ್ಕಿಗಣಿತ
43 ಇಂಚಿನಲ್ಲಿ 4ಕೆ ಹರಡಿದರೆ ಇಂಚಿಗೆ 102. 27 ಇಂಚಿನ 1440ಕ್ಕಿಂತ ಕಡಿಮೆ. ಅರ್ಧ ಮೀಟರ್ ದೂರದಿಂದ 43 ಇಂಚು ಓದಲು ಕತ್ತು ಎಡಕ್ಕೂ ಬಲಕ್ಕೂ ತಿರುಗುತ್ತಲೇ ಇರಬೇಕು.

ಲಿಪಿಗಾರ
ಟಿವಿಗಳಲ್ಲಿ ಇನ್ನೆರಡು ತೊಡಕುಗಳಿವೆ. ಕೆಲವು ಪ್ಯಾನೆಲ್‌ಗಳಲ್ಲಿ ಬಣ್ಣದ ಪಟ್ಟಿಗಳು ನೀಲಿ-ಹಸಿರು-ಕೆಂಪು ಎಂದು ತಿರುಗುಮುರುಗಾಗಿ ಇರುತ್ತವೆ, ಆಗ ಕ್ಲಿಯರ್‌ಟೈಪ್ ಅಂಚನ್ನು ನಯಗೊಳಿಸುವ ಬದಲು ಕೆಡಿಸುತ್ತದೆ. ಎರಡನೆಯದು, ಸಂಪರ್ಕದ ಸಾಮರ್ಥ್ಯ ಸಾಲದಿದ್ದಾಗ ಟಿವಿಗಳು ಬಣ್ಣದ ಮಾಹಿತಿಯನ್ನು ಕತ್ತರಿಸುತ್ತವೆ, ಸೆಟ್ಟಿಂಗ್ಸ್‌ನಲ್ಲಿ 4:2:0 ಎಂದು ತೋರಿಸುತ್ತದೆ. ಸಿನಿಮಾದಲ್ಲಿ ಅದು ಗೊತ್ತಾಗುವುದಿಲ್ಲ. ಕೆಂಪು ಬಣ್ಣದಲ್ಲಿ ಹಾಕಿದ ತಿದ್ದುಪಡಿಗಳು ಮಾತ್ರ ಹರಡಿಕೊಳ್ಳುತ್ತವೆ. ಕರಡು ತಿದ್ದುವವರಿಗೆ ಇದು ಸರಿಬರುವುದಿಲ್ಲ. 4:4:4, ಅಂದರೆ ಬಣ್ಣದ ಮಾಹಿತಿ ಪೂರ್ತಿಯಾಗಿ ಸಿಗುವ ಟಿವಿ ಆದರೆ ಸರಿ.

ಹುಬ್ಬಳ್ಳಿಯವ
ಕೆಂಪು ಅಕ್ಷರ ಹರಡುವುದು ನಮ್ಮಲ್ಲೂ ಇದೆ, ಕಾರಣ ಈಗ ತಿಳಿಯಿತು. ಆದರೂ ಕ್ರಿಕೆಟ್ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ ಎಂಬ ಮಾತನ್ನು ಬಿಡುವುದಿಲ್ಲ.

ಕಪ್ಪುಪರದೆ
ಓಎಲ್‌ಇಡಿ ಬಗ್ಗೆ ಯಾರೂ ಮಾತನಾಡದಿರುವುದು ಆಶ್ಚರ್ಯ. ಕಪ್ಪು ಎಂದರೆ ನಿಜವಾದ ಕಪ್ಪು, ಪ್ರತಿ ಪಿಕ್ಸೆಲ್ ತಾನೇ ಆರಿಹೋಗುತ್ತದೆ. ಐಪಿಎಸ್‌ನಲ್ಲಿ ಕಪ್ಪು-ಬಿಳುಪಿನ ಅನುಪಾತ ಸಾವಿರಕ್ಕೆ ಒಂದರ ಆಸುಪಾಸು, ವಿಎ ಎಂಬ ಇನ್ನೊಂದು ಬಗೆಯ ಎಲ್‌ಸಿಡಿಯಲ್ಲಿ ಮೂರು ಸಾವಿರ. ಓಎಲ್‌ಇಡಿಯಲ್ಲಿ ಅಳತೆಗೇ ಸಿಗುವುದಿಲ್ಲ. ರಾತ್ರಿ ಕತ್ತಲ ದೃಶ್ಯಗಳ ಆಟ ಆಡಿದವರು ಮತ್ತೆ ಐಪಿಎಸ್‌ನ ಬೂದು ಬಣ್ಣದ ಕಪ್ಪಿಗೆ ಮರಳುವುದು ಕಷ್ಟ. ಬಜೆಟ್ ಮೀರುತ್ತದೆ, ಆದರೆ ಆರು ತಿಂಗಳು ಕಾದು ಹಣ ಕೂಡಿಸಿ ಎನ್ನುತ್ತೇನೆ.

ಲಿಪಿಗಾರ
ಆಟಕ್ಕೆ ಒಪ್ಪಿದೆ. ದಿನವಿಡೀ ಬಿಳಿ ಪುಟ ತೆರೆದಿಡುವವರಿಗೆ ಒಪ್ಪುವುದಿಲ್ಲ. ಕ್ಯೂಡಿ-ಓಎಲ್‌ಇಡಿ ಎಂಬ ಬಗೆಯ ಓಎಲ್‌ಇಡಿಗಳಲ್ಲಿ ಕೆಂಪು, ಹಸಿರು, ನೀಲಿ ಬಿಂದುಗಳು ತ್ರಿಕೋನಾಕಾರದಲ್ಲಿ ಕೂತಿರುತ್ತವೆ, ಅಕ್ಕಪಕ್ಕ ಪಟ್ಟಿಗಳಾಗಿ ಅಲ್ಲ. 110ರ ಆಸುಪಾಸಿನ ಸಾಂದ್ರತೆಯಲ್ಲಿ ಅಕ್ಷರದ ಮೇಲಂಚಿಗೆ ಹಸಿರು, ಕೆಳಂಚಿಗೆ ನೇರಳೆ ಗೆರೆ ಕಾಣುತ್ತದೆ. ತಲೆಕಟ್ಟಿನ ಸಾಲು ಇಡೀ ಪುಟದಲ್ಲಿ ಹಸಿರು ಮೆತ್ತಿದಂತೆ ಕಂಡರೆ ಕರಡು ತಿದ್ದುವವರ ಗತಿ ಏನು? 27 ಇಂಚಿನ 4ಕೆ ಓಎಲ್‌ಇಡಿಗಳು ಬಂದ ಮೇಲೆ, ಬಿಂದುಗಳು ಅಷ್ಟು ಸಣ್ಣದಾದದ್ದರಿಂದ, ಈ ತೊಂದರೆ ಬಹುಪಾಲು ಮರೆಯಾಗಿದೆ. ಅವುಗಳ ಬೆಲೆ ಇವರ ಬಜೆಟ್‌ಗೆ ಹತ್ತಿರವೂ ಇಲ್ಲ.

ನೇರಮಾತು
ಜೊತೆಗೆ ಅಚ್ಚು ಉಳಿಯುವ ಸಮಸ್ಯೆ, ಬಹಳ ಹೊತ್ತು ಕದಲದೆ ನಿಂತ ಚಿತ್ರದ ಗುರುತು ಓಎಲ್‌ಇಡಿ ಪರದೆಯಲ್ಲಿ ಉಳಿದುಬಿಡುತ್ತದೆ. ಟಾಸ್ಕ್‌ಬಾರ್, ಪಿಡಿಎಫ್‌ನ ಸಾಧನಪಟ್ಟಿ ದಿನಕ್ಕೆ ಎಂಟು ಗಂಟೆ ಒಂದೇ ಜಾಗದಲ್ಲಿ ನಿಂತಿರುತ್ತವೆ.

ಕಪ್ಪುಪರದೆ
ಟಾಸ್ಕ್‌ಬಾರ್ ಮರೆಮಾಡಿ, ಪ್ರಖರತೆ ಇಳಿಸಿ, ಪಿಕ್ಸೆಲ್ ಶುದ್ಧೀಕರಣ ನಡೆಯಲು ಬಿಡಿ. ಈಗ ಹಲವು ಕಂಪನಿಗಳು ಅಚ್ಚು ಉಳಿಯುವುದಕ್ಕೂ ಮೂರು ವರ್ಷ ವಾರಂಟಿ ಕೊಡುತ್ತಿವೆ. ಕೆಲಸಕ್ಕೆ ನಾನೂ ಓಎಲ್‌ಇಡಿಯನ್ನೇ ಬಳಸುತ್ತೇನೆ, ತೊಂದರೆ ಕಂಡಿಲ್ಲ.

ನೇರಮಾತು
ಭಾರತದಲ್ಲಿ ಆ ವಾರಂಟಿಗೆ ಅಚ್ಚು ಒಳಪಡುತ್ತದೆಯೇ ಎಂದು ಲಿಖಿತವಾಗಿ ಕೇಳಿ ಪಡೆದ ಮೇಲೆ ಕೊಳ್ಳಿ. ಅಂಗಡಿಯವರ ಬಾಯಿಮಾತು ಸಾಲದು.

ಚಾಳೀಸು_ದಾಟಿದವ
ನಾನು 56ರವನು, ನಿವೃತ್ತಿಗೆ ಹತ್ತಿರ ಬಂದಿರುವ ಉಪನ್ಯಾಸಕ. ಆಟ ಎಂದರೆ ಚದುರಂಗ ಮಾತ್ರ. ಆದರೆ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳನ್ನು ರಾಶಿ ರಾಶಿ ಓದುತ್ತೇನೆ. ಎರಡು ಮಾತು.

ಒಂದು, ಪ್ರೋಗ್ರೆಸಿವ್ ಕನ್ನಡಕ (ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಿಗೆ) ಹಾಕುವವರು ಮಾನಿಟರ್ ಎತ್ತರಕ್ಕೆ ಇಟ್ಟರೆ ಗಲ್ಲ ಮೇಲೆತ್ತಿ ಓದಬೇಕಾಗುತ್ತದೆ. ಕತ್ತಿನ ಹಿಂಭಾಗ ಸಂಜೆಯೊಳಗೆ ಕಲ್ಲಾಗುತ್ತದೆ. ಎತ್ತರ ಹೊಂದಿಸುವ ಸ್ಟ್ಯಾಂಡ್ ಇಲ್ಲದ ಮಾನಿಟರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಕೊಂಡರೆ ಹಿಂಬದಿಯಲ್ಲಿ 100×100 ವೇಸಾ ರಂಧ್ರಗಳಿವೆಯೇ ನೋಡಿ, ಆಮೇಲೆ ತೋಳಿನ ಸ್ಟ್ಯಾಂಡ್ ಹಾಕಿಸಬಹುದು.

ಎರಡು, ಪರದೆಯನ್ನು ನಿಲುವಾಗಿ ತಿರುಗಿಸುವ ಸೌಲಭ್ಯ. ಪುಸ್ತಕದ ಪುಟ ನಿಲುವಾಗಿರುತ್ತದೆ, ಪರದೆ ಮಾತ್ರ ಅಡ್ಡ. ತಿರುಗಿಸಿದ ಮೇಲೆ ಒಂದು ಪುಟ ಮೇಲಿಂದ ಕೆಳಗಿನವರೆಗೆ ಸರಿಸದೆ ಕಾಣುತ್ತದೆ. ಓದಿನ ಲಯ ಮುರಿಯುವುದಿಲ್ಲ.

ಲಿಪಿಗಾರ
ಸರ್, ಎರಡನೆಯದಕ್ಕೆ ಸಣ್ಣ ತಿದ್ದುಪಡಿ. ನಿಲುವಾಗಿ ತಿರುಗಿಸಿದಾಗ ಬಣ್ಣದ ಪಟ್ಟಿಗಳು ಒಂದರ ಮೇಲೊಂದು ಬರುತ್ತವೆ, ಕ್ಲಿಯರ್‌ಟೈಪ್‌ನ ಎಣಿಕೆ ತಪ್ಪುತ್ತದೆ. ಅಂಚಿಗೆ ಬಣ್ಣ ಕಂಡರೆ ಅದನ್ನು ಆರಿಸಿ, ಬೂದು ಛಾಯೆಯ ನಯಗೊಳಿಕೆಗೆ ಬಿಡಿ. ಸ್ಕ್ಯಾನ್ ಪುಟಗಳು ಚಿತ್ರಗಳಾದ್ದರಿಂದ ಅವಕ್ಕೆ ಇದು ತಟ್ಟುವುದಿಲ್ಲ.

ಚಾಳೀಸು_ದಾಟಿದವ
ಒಪ್ಪಿದೆ. ಅಂದಹಾಗೆ, ನುಡಿಯ ಹಳೆಯ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ಗಳಲ್ಲಿ ಪದ ಹುಡುಕಲು ಯಾವುದಾದರೂ ದಾರಿ ಇದೆಯೇ? ಪರದೆಯ ಮೇಲೆ ಕನ್ನಡ ಕಾಣುತ್ತದೆ, ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸು ಬರುತ್ತದೆ.

ಲಿಪಿಗಾರ
ಅವು ಯುನಿಕೋಡ್ ಬರುವ ಮೊದಲಿನ ಪದ್ಧತಿಯವು. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ನಕಲು ಮಾಡಿದ ಕಲಸನ್ನು ನುಡಿಯಿಂದ ಯುನಿಕೋಡ್‌ಗೆ ಮಾರ್ಪಡಿಸುವ ತಂತ್ರಾಂಶಕ್ಕೆ ಹಾಕಿ, ಕನ್ನಡ ಬರುತ್ತದೆ. ಹೆಚ್ಚಿನ ವಿವರಕ್ಕೆ ಬೇರೆ ಚರ್ಚೆ ತೆರೆಯಿರಿ ಸರ್, ಅಲ್ಲಿ ಬರೆಯುತ್ತೇನೆ.

ಎಸ್‌ಪಿ_ರಸ್ತೆಯ_ಬಳಕೆದಾರ
ಮಾನಿಟರ್‌ಗೆ ಮರಳೋಣ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ಅಂಗಡಿಗಳು ಪರದೆ ಹೊತ್ತಿಸಿ ತೋರಿಸುತ್ತವೆ. ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಕರಡಿನ ಪುಟ ಒಯ್ಯಿರಿ. ಅಂಗಡಿಯವರು ಹಾಕುವ ಹೂವು, ನವಿಲು, ಜಲಪಾತದ ವೀಡಿಯೊಗಳನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಎಲ್ಲ ಪರದೆಯಲ್ಲೂ ನವಿಲು ಚೆನ್ನಾಗಿಯೇ ಕಾಣುತ್ತದೆ.

ಎಚ್‌ಡಿಆರ್ ಎಂದರೆ ಬೆಳಕು-ಕತ್ತಲಿನ ಅಂತರವನ್ನು ಹೆಚ್ಚಾಗಿ ತೋರಿಸುವ ಸೌಲಭ್ಯ, ಡಬ್ಬಿಯ ಮೇಲಿನ "ಎಚ್‌ಡಿಆರ್ 400" ಎಂಬ ಗುರುತಿಗೆ ಹೆಚ್ಚು ಹಣ ಕೊಡಬೇಡಿ. ಆ ದರ್ಜೆಗೆ ಪರದೆಯ ಬೇರೆಬೇರೆ ಭಾಗಗಳ ಬೆಳಕನ್ನು ಪ್ರತ್ಯೇಕವಾಗಿ ಇಳಿಸುವ ವ್ಯವಸ್ಥೆ ಕಡ್ಡಾಯವಲ್ಲ. ಅದಿಲ್ಲದೆ ಎಚ್‌ಡಿಆರ್‌ಗೆ ಹೆಚ್ಚು ಅರ್ಥವಿಲ್ಲ. "1 ಮಿಲಿಸೆಕೆಂಡ್" ಎಂಬುದೂ ಹಾಗೆಯೇ. ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಸಮಯ ಎಂದು ಅದನ್ನು ಕೊಡುತ್ತಾರೆ, ಆದರೆ ಆ ಬದಲಾವಣೆಯನ್ನು ಬಲವಂತವಾಗಿ ಚುರುಕುಗೊಳಿಸುವ ಓವರ್‌ಡ್ರೈವ್ ಸೆಟ್ಟಿಂಗನ್ನು ಅತಿ ಹೆಚ್ಚು ಇಟ್ಟು ಅಳೆದ ಸಂಖ್ಯೆ ಅದು, ಆ ಮಟ್ಟದಲ್ಲಿ ಇಟ್ಟರೆ ಚಲಿಸುವ ವಸ್ತುವಿನ ಹಿಂದೆ ಬಿಳಿ ನೆರಳು ಬರುತ್ತದೆ. ಮಧ್ಯದ ಮಟ್ಟದಲ್ಲಿ ಇಡಿ.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಮಾನಿಟರ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. 32ರವರೆಗಿನವಕ್ಕೆ ಮೊದಲೇ 18 ಇತ್ತು. ಆದ್ದರಿಂದ 27 ಇಂಚಿಗೆ "ತೆರಿಗೆ ಇಳಿಕೆಯ ವಿಶೇಷ ಬೆಲೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೇ ಒಬ್ಬರು ಹೇಳಿದ್ದಾರೆ, ಕೋಪ ಬಂತು.

ಹರ್ಟ್ಸ್‌ಪ್ರಿಯ
ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. 4060 ಮತ್ತು 4ಕೆ?

ಚುಕ್ಕಿಗಣಿತ
ಪರದೆ 4ಕೆ ಆದ ಮಾತ್ರಕ್ಕೆ ಆಟವನ್ನು 4ಕೆಯಲ್ಲೇ ಆಡಬೇಕೆಂದಿಲ್ಲ. ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಚಿತ್ರ ಬೆಳೆಸಿ ತೋರಿಸುವ ಡಿಎಲ್‌ಎಸ್‌ಎಸ್ ಎಂಬ ತಂತ್ರವಿದೆ, ಅದರ ಪರ್ಫಾರ್ಮೆನ್ಸ್ ಮಟ್ಟದಲ್ಲಿ ಕಾರ್ಡು ಒಳಗೆ ಬಿಡಿಸುವುದು 1080ರ ಚಿತ್ರವನ್ನು, ಅದನ್ನು 4ಕೆಗೆ ಬೆಳೆಸಿ ತೋರಿಸುತ್ತದೆ. ಆ ಸೌಲಭ್ಯ ಇಲ್ಲದ ಹಳೆಯ ಆಟಗಳಿಗೆ ಇಂಟಿಜರ್ ಸ್ಕೇಲಿಂಗ್ ಇದೆ. 4ಕೆ ಎಂದರೆ ಅಡ್ಡಕ್ಕೂ ಉದ್ದಕ್ಕೂ 1080ರ ಸರಿಯಾಗಿ ಎರಡು ಪಟ್ಟು. ಆಟದ ಒಂದು ಪಿಕ್ಸೆಲ್ ಪರದೆಯ ನಾಲ್ಕರಲ್ಲಿ ಕೂರುತ್ತದೆ, ಮಸುಕಾಗುವುದಿಲ್ಲ. 1440 ಪರದೆಯಲ್ಲಿ 1080ರ ಆಟ ಹಾಕಿದರೆ ಒಂದೂ ಮೂರನೇ ಒಂದು ಪಟ್ಟು ಆಗುತ್ತದೆ, ಎಲ್ಲವೂ ಕಲೆಸಿಹೋಗುತ್ತದೆ. ಅಂದರೆ ದುರ್ಬಲ ಕಾರ್ಡಿಗೆ 4ಕೆ ಪರದೆಯೇ ಹೆಚ್ಚು ಅನುಕೂಲ.

ಹರ್ಟ್ಸ್‌ಪ್ರಿಯ
ಡಿಎಲ್‌ಎಸ್‌ಎಸ್ ಬಿಟ್ಟಿಯಾಗಿ ಬರುವುದಿಲ್ಲ. 4ಕೆಗೆ ಬೆಳೆಸುವ ಕೆಲಸಕ್ಕೂ ಕಾರ್ಡು ಸಮಯ ತೆಗೆದುಕೊಳ್ಳುತ್ತದೆ, ಮೆಮೊರಿಯೂ ಹೆಚ್ಚು ಬೇಕು. ನಿಜವಾದ 1080ರಲ್ಲಿ ಸೆಕೆಂಡಿಗೆ 100 ಚೌಕಟ್ಟು (ಫ್ರೇಮ್) ಬರುವ ಕಡೆ ಹೀಗೆ ಮಾಡಿದರೆ ಅಷ್ಟು ಬರುವುದಿಲ್ಲ. ಟೆಕ್ಸ್‌ಚರ್ ಗುಣಮಟ್ಟವನ್ನೂ ಒಂದು ಹಂತ ಇಳಿಸಬೇಕು. ಇದನ್ನು ಅವರಿಗೆ ಮೊದಲೇ ಹೇಳಬೇಕು. ಕರಡುಕಣ್ಣು ಅವರೇ, ನೀವು ಯಾವ ಬಗೆಯ ಆಟ ಆಡುತ್ತೀರಿ? ಎಲ್ಲವೂ ಅದರ ಮೇಲೆ ನಿಂತಿದೆ.

ಕರಡುಕಣ್ಣು
ಹೆಚ್ಚಾಗಿ ಒಬ್ಬರೇ ಆಡುವ ಕಥನದ ಆಟಗಳು, ಊರು ಕಟ್ಟುವ ಆಟಗಳು. ತಮ್ಮ ಬಂದಾಗ ವ್ಯಾಲೊರಂಟ್. ಎಲ್ಡನ್ ರಿಂಗ್ ಇತ್ತೀಚೆಗೆ ಶುರು ಮಾಡಿದ್ದೇನೆ.

ಹರ್ಟ್ಸ್‌ಪ್ರಿಯ
ಹಾಗಾದರೆ ನನ್ನ ಪಟ್ಟು ಸಡಿಲಿಸುತ್ತೇನೆ. ಎಲ್ಡನ್ ರಿಂಗ್ ಪಿಸಿಯಲ್ಲಿ 60 ಚೌಕಟ್ಟಿಗೇ ನಿಲ್ಲುತ್ತದೆ, 180 ಹರ್ಟ್ಸ್ ಅದಕ್ಕೆ ವ್ಯರ್ಥ. ವ್ಯಾಲೊರಂಟ್ ಹಗುರ, ಯಾವ ಕಾರ್ಡಿನಲ್ಲೂ ಓಡುತ್ತದೆ. ಆದರೂ 60 ಹರ್ಟ್ಸ್ ಪರದೆ ಕೊಳ್ಳಬೇಡಿ. 60ರಲ್ಲಿ ಪ್ರತಿ ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಅಲ್ಲಿಯವರೆಗಿನ ಜಿಗಿತ ದೊಡ್ಡದು. 240ಕ್ಕೆ ಹೋದರೆ 4.2, ಅಂದರೆ ಇನ್ನು 2.7 ಮಾತ್ರ ಕಡಿಮೆಯಾಗುತ್ತದೆ. 144 ಸಾಕು. ಫ್ರೀಸಿಂಕ್ ಇರಲೇಬೇಕು, ಆಗ ಕಾರ್ಡು ಎಷ್ಟು ಚೌಕಟ್ಟು ಕೊಟ್ಟರೂ ಪರದೆ ಅದಕ್ಕೆ ಹೊಂದಿಕೊಳ್ಳುತ್ತದೆ. ದುರ್ಬಲ ಕಾರ್ಡಿನಿಂದ 4ಕೆ ನಡೆಸುವವರಿಗೆ ಇದು ಐಚ್ಛಿಕವಲ್ಲ.

ಮತ್ತು ವಿಎ ಬೇಡ. ಅಗ್ಗದ ವಿಎಗಳಲ್ಲಿ ಕಪ್ಪಿನಿಂದ ಬೂದಿಗೆ ಬದಲಾಗುವುದು ನಿಧಾನ. ಕತ್ತಲ ದೃಶ್ಯದಲ್ಲಿ ತಿರುಗಿದರೆ ಮಸಿ ಎಳೆದಂತಾಗುತ್ತದೆ. ಬಿಳಿ ಪುಟದ ಮೇಲೆ ಕರಿ ಅಕ್ಷರ ಸರಿಸುವಾಗಲೂ ನೇರಳೆ ಬಾಲ ಕಾಣಬಹುದು.

ದೃಷ್ಟಿಮಾಪಕಿ
ಮಿನುಗುವಿಕೆಯ ಬಗ್ಗೆಯೂ ಕೇಳಿ ಕೊಳ್ಳಿ. ಕೆಲವು ಮಾನಿಟರ್‌ಗಳು ಪ್ರಖರತೆ ಇಳಿಸಲು ಹಿಂಬದಿಯ ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಅದು ಕಾಣದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಪರೀಕ್ಷೆ ಸುಲಭ. ಪ್ರಖರತೆಯನ್ನು ಕಾಲು ಭಾಗಕ್ಕೆ ಇಳಿಸಿ, ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ವೇಗವಾಗಿ ಬೀಸಿ. ಪೆನ್ಸಿಲ್ ಒಂದೇ ಮಸುಕಾಗಿ ಕಂಡರೆ ಸರಿ. ಬಿಡಿಬಿಡಿಯಾಗಿ ಹಲವು ಪೆನ್ಸಿಲ್ ಕಂಡರೆ ದೀಪ ಮಿನುಗುತ್ತಿದೆ.

ಆಟಕ್ಕೆಂದು ಚಲನೆಯ ಮಸುಕು ತಗ್ಗಿಸುವ ಒಂದು ಸೌಲಭ್ಯ ಇರುತ್ತದೆ, ಪ್ರತಿ ಕಂಪನಿ ಒಂದೊಂದು ಹೆಸರಿಟ್ಟಿದೆ. ಅದು ಬೇಕೆಂದೇ ದೀಪವನ್ನು ಮಿನುಗಿಸುತ್ತದೆ. ಓದುವಾಗ ಆರಿಸಿರಬೇಕು.

ಪ್ರಖರತೆಗೆ ನಾನು ಎಲ್ಲರಿಗೂ ಹೇಳುವ ಉಪಾಯ: ಬಿಳಿ ಹಾಳೆಯೊಂದನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳುಪು ಹಾಳೆಯ ಬಿಳುಪಿಗೆ ಸಮವಾಗುವವರೆಗೆ ಇಳಿಸಿ. ಹೊಸ ಮಾನಿಟರ್‌ಗಳನ್ನು ಅತಿ ಪ್ರಖರವಾಗಿಯೇ ಹೊಂದಿಸಿ ಕಳುಹಿಸಿರುತ್ತಾರೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಓದುವುದು ಕಣ್ಣಿಗೆ ಒಳ್ಳೆಯದು ಎಂಬ ನಂಬಿಕೆ ಎಲ್ಲರಿಗೂ ಹೊಂದುವುದಿಲ್ಲ. ಸಿಲಿಂಡರ್ ಪವರ್ ಇರುವವರಿಗೆ ಬಿಳಿ ಅಕ್ಷರದ ಸುತ್ತ ಬೆಳಕು ಹರಡಿದಂತೆ ಕಾಣುತ್ತದೆ. ನಮ್ಮ ಒತ್ತಕ್ಷರಗಳಿಗೆ ಅದು ಇನ್ನೂ ತೊಂದರೆ.

ನೇರಮಾತು
ಈ ಹಾಳೆಯ ಉಪಾಯ ಇಂದೇ ಮಾಡಿ ನೋಡಿದೆ. ನನ್ನ ಪರದೆ 80ರಲ್ಲಿತ್ತು, 30ಕ್ಕೆ ಇಳಿಯಿತು. ಖರ್ಚು ಸೊನ್ನೆ. ನಾನು ಮೊದಲಿಂದಲೂ ಹೇಳುತ್ತಿರುವುದು ಇದನ್ನೇ.

ಲಿಪಿಗಾರ
ಖರ್ಚಿಲ್ಲದ ಇನ್ನೆರಡು. ಅಕ್ರೊಬ್ಯಾಟ್‌ನ ಪುಟ ಪ್ರದರ್ಶನದ ಆಯ್ಕೆಗಳಲ್ಲಿ ಅಕ್ಷರ ನಯಗೊಳಿಕೆಗೆ ಅದರದೇ ಪ್ರತ್ಯೇಕ ಸೆಟ್ಟಿಂಗ್ ಇದೆ. ಎಲ್‌ಸಿಡಿಯದನ್ನು ಮತ್ತು ಮಾನಿಟರಿನದನ್ನು ಎರಡನ್ನೂ ಹಾಕಿ ನೋಡಿ, ಕನ್ನಡಕ್ಕೆ ಯಾವುದು ತಿಳಿಯಾಗಿದೆಯೋ ಅದನ್ನು ಇಟ್ಟುಕೊಳ್ಳಿ. ಫೈರ್‌ಫಾಕ್ಸ್‌ನಲ್ಲಿ ಕನ್ನಡಕ್ಕೇ ಬೇರೆ ಫಾಂಟ್ ಮತ್ತು ಬೇರೆ ಗಾತ್ರ ಕೊಡಬಹುದು. ವಿಂಡೋಸ್‌ನ ಹಳೆಯ ತುಂಗಾ ಫಾಂಟ್ ಒಂದೇ ಗಾತ್ರದಲ್ಲಿ ಇಂಗ್ಲಿಷಿಗಿಂತ ಚಿಕ್ಕದಾಗಿ ಕಾಣುತ್ತದೆ. ನಿರ್ಮಲಾ ಅಥವಾ ನೋಟೊ ಸಾನ್ಸ್ ಕನ್ನಡ ಹಾಕಿ, ಗಾತ್ರ ಎರಡು ಅಂಶ ಹೆಚ್ಚಿಸಿ. ಇವು ಸಹಾಯ ಮಾಡುತ್ತವೆ. ಆದರೆ ನೇರಮಾತು ಅವರೇ, 12 ಸಾಲು ಪಿಕ್ಸೆಲ್‌ನಲ್ಲಿ "ವೈಶಿಷ್ಟ್ಯ" ಬಿಡಿಸುವ ಫಾಂಟನ್ನು ಯಾರೂ ಮಾಡಲಾರರು. ನಾನಂತೂ ಪ್ರಯತ್ನಿಸಿ ಕೈಬಿಟ್ಟಿದ್ದೇನೆ.

ಕರಡುಕಣ್ಣು
ಬೆಂಗಳೂರಿಗೆ ಹೋಗಿ ಬಂದೆ. ಅಂಗಡಿಯಲ್ಲಿ 27 ಇಂಚಿನ 1440 ಮತ್ತು 4ಕೆ ಎರಡನ್ನೂ ಅಕ್ಕಪಕ್ಕ ಇಡಿಸಿ ನನ್ನದೇ ಕರಡು ತೆರೆದೆ, ಶೇ 100ರ ಗಾತ್ರದಲ್ಲಿ. 1440ರಲ್ಲಿ ಮೂಲಾಕ್ಷರಗಳೆಲ್ಲ ಚೆನ್ನಾಗಿದ್ದವು, ಒತ್ತುಗಳಿಗೆ ಮಾತ್ರ ಕಣ್ಣು ಕಿರಿದು ಮಾಡಬೇಕಾಯಿತು. 4ಕೆಯಲ್ಲಿ ಅಡಿಟಿಪ್ಪಣಿಗಳನ್ನೂ ಹಿಗ್ಗಿಸದೆ ಓದಿದೆ. ಥಕಾರದ ಚುಕ್ಕೆ ಚುಕ್ಕೆಯಾಗಿಯೇ ಇತ್ತು. ಅಲ್ಲಿಗೆ ನಿರ್ಧಾರವಾಯಿತು. ಐಪಿಎಸ್, 144 ಹರ್ಟ್ಸ್, ಎತ್ತರವೂ ಹೊಂದುತ್ತದೆ, ನಿಲುವಾಗಿಯೂ ತಿರುಗುತ್ತದೆ. ಬಜೆಟ್‌ಗಿಂತ ಕೆಲವು ಸಾವಿರ ಹೆಚ್ಚಾಯಿತು. ಪೆನ್ಸಿಲ್ ಪರೀಕ್ಷೆಯನ್ನೂ ಅಲ್ಲೇ ಮಾಡಿದೆ, ಮಿನುಗು ಇಲ್ಲ.

ಒಂದೇ ಗೊಂದಲ. ಮನೆಗೆ ತಂದು ಹಳೆಯ ಎಚ್‌ಡಿಎಂಐ ಕೇಬಲ್ ಹಾಕಿದರೆ 60 ಹರ್ಟ್ಸ್ ಮಾತ್ರ ತೋರಿಸುತ್ತಿದೆ.

ಚುಕ್ಕಿಗಣಿತ
ಹಳೆಯ ಕೇಬಲ್ ಎಚ್‌ಡಿಎಂಐ 2.0 ಕಾಲದ್ದಾಗಿರಬೇಕು, ಅದು ಸಾಗಿಸುವುದು ಸೆಕೆಂಡಿಗೆ 18 ಗಿಗಾಬಿಟ್. 4ಕೆಗೆ 60 ಹರ್ಟ್ಸ್ ದಾಟುವುದಿಲ್ಲ. ಡಬ್ಬಿಯಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದರೆ ಅದನ್ನು ಹಾಕಿ. ಜೋಡಿಸಿದ ಮೇಲೆ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 144 ಎಂದು ನೀವೇ ಆರಿಸಬೇಕು, ತಾನಾಗಿ ಬದಲಾಗದೆಯೂ ಇರಬಹುದು. ಅಕ್ಷರದ ಗಾತ್ರಕ್ಕೆ ಸ್ಕೇಲಿಂಗ್ ಶೇ 150 ಇಡಿ.

ಎಸ್‌ಪಿ_ರಸ್ತೆಯ_ಬಳಕೆದಾರ
ಅಭಿನಂದನೆಗಳು. ಮರಳಿಸುವ ಅವಧಿ ಮುಗಿಯುವ ಮೊದಲು ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಹಾಕಿ ಸತ್ತ ಪಿಕ್ಸೆಲ್ ಇದೆಯೇ ನೋಡಿ. ಕರಡು ತಿದ್ದುವವರ ಪರದೆಯಲ್ಲಿ ಒಂದು ಕಪ್ಪು ಚುಕ್ಕೆ ಉಳಿದರೂ ಅದನ್ನು ಅನುಸ್ವಾರ ಎಂದುಕೊಳ್ಳುವ ಅಪಾಯ ಇದೆ.

ಕರಡುಕಣ್ಣು
ಡಿಸ್‌ಪ್ಲೇಪೋರ್ಟ್ ಹಾಕಿದೆ, 144 ಬಂತು. ಸತ್ತ ಪಿಕ್ಸೆಲ್ ಇಲ್ಲ. ಎಲ್ಡನ್ ರಿಂಗ್‌ಗೆ ಡಿಎಲ್‌ಎಸ್‌ಎಸ್ ಇಲ್ಲದ್ದರಿಂದ ಅದನ್ನು 1080ಕ್ಕೆ ಇಳಿಸಿ ಆಡುತ್ತಿದ್ದೇನೆ, 60 ಸ್ಥಿರವಾಗಿದೆ, ನನಗೆ ಸಾಕು.

ಹೊಸಬ_ದಾವಣಗೆರೆ
ಇಡೀ ಚರ್ಚೆ ಓದಿದೆ. ನನ್ನ ಕೆಲಸವೂ ಹೀಗೇ, ಆದರೆ 34 ಇಂಚಿನ ಅಗಲ ಪರದೆಯ ಮೇಲೆ ಆಸೆ, 3440×1440. ಎರಡು ಪುಟ ಅಕ್ಕಪಕ್ಕ ಇಟ್ಟುಕೊಳ್ಳಬಹುದಲ್ಲವೇ?

ಚುಕ್ಕಿಗಣಿತ
ಇಟ್ಟುಕೊಳ್ಳಬಹುದು, ಮೂರೂ ಹಿಡಿಯುತ್ತವೆ. ಆದರೆ ಸಾಂದ್ರತೆ ಇಂಚಿಗೆ 110, ಅಂದರೆ 27 ಇಂಚಿನ 1440ರಷ್ಟೇ. ಎತ್ತರವೂ ಅಷ್ಟೇ. 27 ಇಂಚಿನ ಪರದೆ 60 ಸೆಂಟಿಮೀಟರ್ ಅಗಲ, 33 ಎತ್ತರ ಇರುತ್ತದೆ, ಎರಡು ಎ4 ಪುಟ ನಿಜವಾದ ಗಾತ್ರದಲ್ಲಿ ಅದರಲ್ಲೇ ಅಕ್ಕಪಕ್ಕ ಕೂರುತ್ತವೆ. ಸಾಧ್ಯವಾದರೆ ನಿಮ್ಮದೇ ಒಂದು ಕನ್ನಡ ಪುಟವನ್ನು ಎರಡರಲ್ಲೂ ತೆರೆದು ನೋಡಿ, ಆಮೇಲೆ ಹಣ ಕೊಡಿ.